ಸಾಹೇಬರಿಗಾಗಿ ಬಳಿದ ಸುಣ್ಣ

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ವಾರ. ವಿಶ್ವವಿದ್ಯಾಲಯಕ್ಕೆ ರಜೆ ಹಾಕಿ ನಾನು ಮಲಪನಗುಡಿಯ ನಮ್ಮ ಹೊಲಕ್ಕೆ ಬಂದದ್ದು ಒಂದೇ ಕಾರಣಕ್ಕೆ: ನಮ್ಮ ಕಲ್ಲಿನ ಕೊಟ್ಟಿಗೆಯನ್ನು ನೋಡಲು ಹಳೆಯ ಕಟ್ಟಡಗಳ ಸಂರಕ್ಷಣಾ ಕಚೇರಿಯ ಅಧಿಕಾರಿ ಕೊನೆಗೂ ಬರುವವರಿದ್ದರು.

ಆ ಕೊಟ್ಟಿಗೆ, ಅದರ ಪಕ್ಕದ ಗಾಣದ ಮನೆ, ಎರಡೂ ಮುತ್ತಜ್ಜನ ಕಾಲಕ್ಕೇ ಹಳೆಯವು. ಕೊಟ್ಟಿಗೆಯ ಚಾವಣಿಗೆ ಹಾಸಿದ ಚಪ್ಪಡಿಯೊಂದು ಬಿರುಕು ಬಿಟ್ಟಿತ್ತು. ಎರಡೂ ಕಚೇರಿಯ ಸಂರಕ್ಷಿತ ಪಟ್ಟಿಯಲ್ಲಿದ್ದುದರಿಂದ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಮುಟ್ಟುವಂತಿಲ್ಲ. ಆಸರೆಗೊಂದು ಕಂಬ ನಿಲ್ಲಿಸಲೂ ಹೆದರಿದ ದೊಡ್ಡಪ್ಪ ಎತ್ತುಗಳನ್ನು ಬೇವಿನ ಮರದಡಿ ಕಟ್ಟಿ, ಹೊಸಪೇಟೆಯ ಆ ಕಚೇರಿಗೆ ಅಲೆದಲೆದು ಸೋತಿದ್ದ.

ಹೊಲಕ್ಕೆ ಬಂದು ನೋಡಿದರೆ ಕೊಟ್ಟಿಗೆಯ ಮುಂಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಅಂಚಿಗೆ ಕೆಮ್ಮಣ್ಣಿನ ಪಟ್ಟಿ. ದೊಡ್ಡವ್ವ ಕುಂಚ ತೊಳೆಯುತ್ತಿದ್ದಳು. ನಮ್ಮಲ್ಲಿ ಬೀಗರು ಬರಲಿ, ಸ್ವಾಮಿಗಳು ಬರಲಿ, ಮೊದಲು ಗೋಡೆಗೆ ಸುಣ್ಣ.

"ಮೈಗೂ ಹೊಡ್ಕಂಡೀಯಲ್ಲ," ದೊಡ್ಡಪ್ಪ ನಗುತ್ತಿದ್ದ. "ಸಾಹೇಬ್ರು ನಿನಗೂ ಬೇಲಿ ಹಾಕಿ ಬೋರ್ಡು ನಿಲ್ಲಸ್ತಾರ ನೋಡು."

ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು.

"ಯಾರ್ರೀ ಇದನ್ನ ಬಳಿದೋರು?" ಎಂದರು ಅಧಿಕಾರಿ.

"ನಾನಾ ರೀ ಸಾಹೇಬ್ರ. ನೀವು ಬರ್ತೀರಂತ," ಎಂದಳು ದೊಡ್ಡವ್ವ. ಹೊಗಳಿಕೆಯೇ ಬರುತ್ತದೆಂದು ನಂಬಿದ್ದಳು.

"ಹಳೇ ಕಲ್ಲು ಹಾಳು ಮಾಡೀರಿ. ಕೇಸು ಹಾಕಬಹುದು, ಗೊತ್ತೈತಾ?"

ಬಾಗಿಲ ಮೇಲಿನ ಕೆತ್ತನೆಯ ತೊಲೆಯನ್ನು ನಾನು ತೋರಿಸಿದೆ. ಹಿಂದೊಮ್ಮೆ ಅಳತೆಗೆ ಬಂದ ಅವರದೇ ಸಿಬ್ಬಂದಿ ಅಲ್ಲಿ ಕೆಂಪು ಎಣ್ಣೆಬಣ್ಣದಲ್ಲಿ ದಪ್ಪ ಅಂಕಿ ಬರೆದು ಹೋಗಿದ್ದರು.

"ಸುಣ್ಣ ತೊಳದ್ರ ಹೋಗ್ತೈತಿ ಸರ್. ಇದು?"

"ಅದು ಆಫೀಸಿನ ಕೆಲಸ. ಅದು ಬ್ಯಾರೆ."

"ಒಳಗಿನ ಚಪ್ಪಡಿನಾರ ನೋಡ್ರಿ."

"ಮೊದ್ಲು ಗೋಡೆ ತೊಳೀರಿ. ಆಮ್ಯಾಲೆ ನೋಡೋಣ."

ಅವರು ಹೊಸ್ತಿಲು ದಾಟಲಿಲ್ಲ. ದೊಡ್ಡವ್ವ ಅವರಿಗಾಗಿ ಮಾಡಿದ್ದ ಹೋಳಿಗೆ ಹಾಗೇ ಉಳಿಯಿತು. ಅದೇ ಮಧ್ಯಾಹ್ನ ಬಿಸಿಲಲ್ಲಿ ಕೂತು ಅವಳು ತೆಂಗಿನ ನಾರಿನಿಂದ ಗೋಡೆ ತಿಕ್ಕಿದಳು.

ಗೋಡೆ ತೊಳೆದಾಯಿತೆಂದು ದೊಡ್ಡಪ್ಪ ಕಚೇರಿಗೆ ಹೋಗಿ ತಿಳಿಸಿದ, ಮತ್ತೆ ಹೋದ. ಯಾರೂ ಬರಲಿಲ್ಲ. ಮುಂಗಾರಿನ ಮಳೆ ಹಿಡಿದಾಗ ಚಪ್ಪಡಿ ಕುಸಿದು, ಪಕ್ಕದ ಎರಡನ್ನೂ ಎಳೆದುಕೊಂಡು ಬಿತ್ತು. ಮರುದಿನವೇ ಜೀಪು ಬಂತು. ಒಳಗೆ ಯಾರೂ ಹೋಗಬಾರದೆಂದು ಹಗ್ಗ ಕಟ್ಟಿ ಹೋದರು.

"ಈ ಸಲ ಸುಣ್ಣ ಹೊಡೀಲಿಲ್ಲವ್ವ," ಎಂದಳು ದೊಡ್ಡವ್ವ, "ಆದ್ರೂ ಜಲ್ದಿ ಬಂದ್ರು ನೋಡು."

ಬಿರುಕನ್ನು ನೋಡಲು ನಿರಾಕರಿಸಿದವರು ಆ ಕುಸಿತಕ್ಕೆ ಹೊಣೆಯಲ್ಲವೆ? ಹೋದ ಕಚೇರಿಯಲ್ಲೆಲ್ಲ ಇದನ್ನು ಕೇಳಿದ್ದೇನೆ. ಎಲ್ಲರೂ ಕುರ್ಚಿ ಕೊಟ್ಟಿದ್ದಾರೆ, ಉತ್ತರ ಕೊಟ್ಟಿಲ್ಲ. ಈಗ ಕೇಳುವಾಗ ನನ್ನ ದನಿಯೂ ಮೊದಲಿನಷ್ಟು ಏರುವುದಿಲ್ಲ. ಆದರೂ ಕೇಳುವುದನ್ನು ಬಿಟ್ಟಿಲ್ಲ.

ಸುಣ್ಣದ ಗುರುತೂ ಗೋಡೆಯ ಮೇಲಿಲ್ಲ. ತೊಲೆಯ ಮೇಲಿನ ಕೆಂಪು ಅಂಕಿ ಮಾತ್ರ ಮಾಸಿಲ್ಲ. ಅದರ ಕೆಳಗೆ ಬಾಗಿಲಲ್ಲಿ ನಿಂತು ಒಳಗೆ ತಲೆಯೆತ್ತಿದರೆ ಈಗ ಬರೀ ಆಕಾಶ ಕಾಣುತ್ತದೆ.