ಸೋರಿದ ಎಲೆಯೂ ಸರ್ಕಾರದ ಕಾರ್ಡೂ

ನನ್ನ ಹೆಂಡತಿ ಹೊಲಿದ ಮುತ್ತುಗದ ಎಲೆಯಲ್ಲಿ ಉಣ್ಣದವರು ನಮ್ಮ ಹೊಳವನಹಳ್ಳಿ ಕಡೆ ಯಾರಿದ್ದಾರೆ ಹೇಳಿ. ತಿಳಿಸಾರು ಬಡಿಸಿದರೂ ಒಂದು ತೊಟ್ಟು ಕೆಳಗಿಳಿಯುತ್ತಿರಲಿಲ್ಲ. ಎಲೆ ಹೊಲಿಯುವವಳು ಅವಳು, ಹೊಗಳಿಕೆ ಕೇಳಿಸಿಕೊಳ್ಳುವವನು ನಾನು. ನಲವತ್ತು ವರ್ಷದಿಂದ ಕೆಲಸವನ್ನು ಹೀಗೇ ಹಂಚಿಕೊಂಡಿದ್ದೆವು.

ಹೋದ ವರ್ಷ ಪಕ್ಕದ ಬೀದಿಯ ಗೃಹಪ್ರವೇಶದಲ್ಲಿ ಆ ಎಲೆ ಸೋರಿತು. ಅದೂ ಆ ಮನೆಯ ಬೀಗರ ಹೊಸ ಬಿಳಿ ಪಂಚೆಯ ಮೇಲೆ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. "ಬೀಗ್ರು ಕೂತ್ಕಡೇನೇ ಒದ್ದೆ ಮಾಡ್ಕಂಡ್ರು ಕಣ್ರಲಾ!" ಎಂದು ಕೂಗಿಯೂಬಿಟ್ಟೆ. ಅವಳು ನಗಲಿಲ್ಲ. ಮನೆಗೆ ಬಂದು, ಮಿಕ್ಕಿದ್ದ ಎಲೆಗಳನ್ನು ಒಂದೊಂದಾಗಿ ಬಾಗಿಲ ಬೆಳಕಿಗೆ ಹಿಡಿದಳು. ಕಡಲೆಬೀಜ ಉದುರುವಷ್ಟು ತೂತು ನನಗೆ ಕಂಡಿತು, ಅವಳಿಗೆ ಕಾಣಲಿಲ್ಲ.

"ಕಣ್ಣು ಮಂಜಾಗ್ಯದೆ ಕಣಪ್ಪ. ಕಡ್ಡಿ ಎಲೆಗೋಯ್ತದೋ ಬೆರಳ್ಗೋಯ್ತದೋ ಗೊತ್ತಾಗಕಿಲ್ಲ. ಇನ್ಮೇಲೆ ಯಾರ್ ಕೇಳಿದ್ರೂ ಎಲೆ ಇಲ್ಲ ಅಂದ್ಬುಡು."

ಅವಳ ಬೆರಳ ತುದಿಗಳನ್ನು ಆಗ ನೋಡಿದೆ. ಕಡ್ಡಿ ಚುಚ್ಚಿದ ಗಾಯಗಳು ತುಂಬಿದ್ದವು. ನಗು ನಿಂತುಹೋಯಿತು.

ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆ ಸರ್ಕಾರದ ಆರೋಗ್ಯ ಕಾರ್ಡನ್ನೂ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೆ. ಅದು ಒಂದಿದ್ದರೆ ಸಾಕು, ತಲೆಯಿಂದ ಕಾಲಿನವರೆಗೆ ಸರ್ಕಾರವೇ ನೋಡಿಕೊಳ್ಳುತ್ತದೆ ಎಂದು ಅರಳಿಕಟ್ಟೆಯಲ್ಲಿ ಭಾಷಣ ಮಾಡಿದವನೂ ನಾನೇ. ಅದನ್ನು ಜೇಬಿಗಿಟ್ಟು ಅವಳನ್ನು ಕೊರಟಗೆರೆ ಬಸ್ಸು ಹತ್ತಿಸಿದೆ.

ಅಲ್ಲಿಯ ಕನ್ನಡಕದ ಅಂಗಡಿಯಲ್ಲಿ ಕಾರ್ಡನ್ನು ಗಲ್ಲಾದ ಮೇಲೆ ಇಸ್ಪೀಟಿನ ಎಕ್ಕ ಇಳಿಸಿದ ಹಾಗೆ ಇಳಿಸಿದೆ. ಅಂಗಡಿಯಾಕೆ ಮುಟ್ಟಲೂ ಇಲ್ಲ.

"ತಾತ, ಇದು ನಡಿಯಲ್ಲ. ಮಧುಗಿರೀಲಿ ತಗತಾರಂತೆ, ಅಲ್ಲೋಗಿ."

"ಅಲ್ಲಮ್ಮ, ಬೋರ್ಡ್ ಮೇಲೆ ಮೊರದಗಲ ಕಣ್ಣು ಬರೆಸಿದ್ದೀಯ, ನನ್ ಕಾರ್ಡ್ ಮಾತ್ರ ಕಾಣಕಿಲ್ವಾ?"

ಮಧುಗಿರಿಯ ಅಂಗಡಿಯವನೂ ಕಾರ್ಡು ತೆಗೆದುಕೊಳ್ಳಲಿಲ್ಲ. ಆದರೆ ಪರೀಕ್ಷೆ ಪುಕ್ಕಟೆ ಎಂದು ಅವಳನ್ನು ಕೂರಿಸಿದ. ಅವಳಿಗೆ ಓದು ಬಾರದು. ಅಂಥವರಿಗೆಂದೇ ಗೋಡೆಯ ಮೇಲೆ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳಿದ್ದವು. ಹಲ್ಲು ಯಾವ ಕಡೆಗಿದೆಯೋ ಆ ಕಡೆ ಕೈ ತೋರಿಸಬೇಕು. ನಾನು ಅವಳ ಹಿಂದೆ, ಹೆಗಲ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ. ಶಾಲೆಯಲ್ಲಿ ಹಿಂದಿನ ಬೆಂಚಿನಿಂದ ಬೆನ್ನು ತಟ್ಟಿ ಅರ್ಧ ಕ್ಲಾಸನ್ನು ಪಾಸು ಮಾಡಿಸಿದ ಕೈ ಅದು. ನನ್ನ ಹೆಂಡತಿ ನನ್ನೆದುರು ಫೇಲಾಗುವುದನ್ನು ಆ ಕೈ ಸಹಿಸಲಿಲ್ಲ. ಎಡಕ್ಕಾದರೆ ಎಡ ಹೆಗಲು ಒತ್ತಿದೆ, ಬಲಕ್ಕಾದರೆ ಬಲ ಹೆಗಲು, ಮೇಲಕ್ಕಾದರೆ ಜಡೆ ಎಳೆದೆ, ಕೆಳಕ್ಕಾದರೆ ಬೆನ್ನಿಗೊಂದು ಗುದ್ದು. ಅವಳು ಪರೀಕ್ಷೆ ಮಾಡುವುದೇ ಹೀಗೆ ಎಂದುಕೊಂಡು, ಒತ್ತಿದ ಕಡೆಗೆಲ್ಲ ಕೈ ತೋರಿಸಿದಳು.

"ಹದ್ದಿನ್ ಕಣ್ಣು ಕಣಮ್ಮ ನಿಂದು! ಈ ವಯಸ್ಸಲ್ಲಿ ಒಂದೂ ತಪ್ಪಿಲ್ಲ. ಕನ್ನಡ್ಕ ಯಾಕೆ, ಓಗಿ," ಎಂದ ಆತ.

ನಾನು ಎದೆಯುಬ್ಬಿಸಿಕೊಂಡೇ ಈಚೆಗೆ ಬಂದೆ. ಬಸ್ಸಿನಲ್ಲಿ ಕೂತು ನನ್ನ ಚಾಲಾಕಿತನವನ್ನು ಅವಳಿಗೆ ಬಿಡಿಸಿ ಹೇಳಿದಾಗ ಅವಳು ಕಿಟಕಿಯಾಚೆ ನೋಡುತ್ತಲೇ ಅಂದಳು:

"ಅವ್ನು ಕೇಳಿದ್ದು ನನ್ ಕಣ್ಣ. ನೀ ತೋರ್ಸಿದ್ದು ನಿನ್ ಕಣ್ಣ. ಇನ್ಮೇಲೆ ಎಲೆನೂ ನೀನೇ ಹೊಲಿ."



ಆ ವಾರವೇ, ಶಿರಾದಲ್ಲಿ ಒಬ್ಬರು ಕಾರ್ಡು ತೆಗೆದುಕೊಳ್ಳುತ್ತಾರೆಂದು ಬಸ್ ಸ್ಟಾಪಿನಲ್ಲಿ ಯಾರೋ ಅಂದರು. ಈ ಸಲ ಅವಳೇ ಮುಂದೆ, ನಾನು ಹಿಂದೆ. ಕಂಕುಳಲ್ಲೊಂದು ಬಟ್ಟೆಯ ಚೀಲ ಇಟ್ಟುಕೊಂಡಿದ್ದಳು. ಅಂಗಡಿಯ ಸಾಬರು ಕೂರಿಸಿ ನೀರು ಕೊಟ್ಟರು, ಕಾರ್ಡನ್ನು ಎರಡೂ ಕಡೆ ತಿರುಗಿಸಿ ನೋಡಿದರು.

"ಅರೆ ಅಜ್ಜಾ, ಇದು ಆಸ್ಪತ್ರೇಲಿ ಅಡ್ಮಿಟ್ ಆಗಿ ಆಪರೇಷನ್ ಮಾಡಿಸ್ಕಂಡ್ರೆ ಮಾತ್ರ. ಕನ್ನಡ್ಕಕ್ಕೆ ಬರೋದೇ ಇಲ್ಲ. ಇಲ್ಲೂ ಇಲ್ಲ, ನೀವು ಪಾವಗಡಕ್ಕೋದ್ರೂ ಇಲ್ಲ. ಯಾರು ನಿಮ್ಗೆ ಹೇಳಿದ್ದು?"

"ಬರಕಿಲ್ಲ ಅಂತ ಯಾರೂ ಹೇಳ್ಲಿಲ್ಲ, ಅದೇ ಸಾಬ್ರೇ ನನ್ ತಕರಾರು! ಕಣ್ಣು ಪೂರ್ತಿ ಮುಚ್ಕಂಡು ಮಂಚದ್ ಮೇಲೆ ಬಿದ್ರೆ ಸರ್ಕಾರ ಓಡ್ಬತ್ತದೆ. ಇರೋ ಅರೆಗಣ್ಣಲ್ಲಿ ಗೇಯ್ಕಂಡು ಉಣ್ತೀವಿ, ಎರಡು ಗಾಜು ಕೊಡ್ರಪ್ಪ ಅಂದ್ರೆ ಬರಕಿಲ್ಲ. ಇದ್ಯಾವ ಸೀಮೆ ನ್ಯಾಯ?"

ಎಪ್ಪತ್ತು ವರ್ಷ ಊರನ್ನೆಲ್ಲ ಏಮಾರಿಸಿದವನು ನಾನು. ಆದರೆ ನಾನು ಏಮಾರಿಸಿದವರು ಕೊನೆಗೆ ನನ್ನ ಜೊತೆ ಕೂತು ನಕ್ಕಿದ್ದಾರೆ. ಈ ಕಾರ್ಡಿನವರು ಮೂರು ಊರು ಅಲೆಸಿದರು, ಎದುರಿಗೆ ಬಂದು ನಗಲೂ ಇಲ್ಲ. ಏನಕ್ಕೆ ಬರುವುದಿಲ್ಲ ಎಂದು ಅದರ ಬೆನ್ನ ಮೇಲೆ ಒಂದು ಸಾಲು ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಇದನ್ನೆಲ್ಲ ಸಾಬರ ಮೇಲೇ ಕೂಗಾಡಿದೆ. ಪಾಪ, ಅವರದೇನೂ ತಪ್ಪಿರಲಿಲ್ಲ.

"ಅಣ್ಣಯ್ಯ," ಎಂದಳು ನನ್ನವಳು ಅವರಿಗೆ, "ಮೊದ್ಲು ಇವ್ನ ಆಚೆ ಕೂರ್ಸು. ಇವ್ನು ಹಿಂದೆ ನಿಂತ್ರೆ ನನ್ ಕಣ್ಣು ಚೆಂದಾಗ್ಬುಡ್ತವೆ."

ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಗಾಜಿನ ಬಾಗಿಲು ಹಾಕಿಕೊಂಡರು.

ಒಳಗೆ ನಡೆದದ್ದು ಅಲ್ಲಿಂದಲೇ ಕಂಡಿತು. ಗೋಡೆಯ ಗುರುತು ಮುಗಿದ ಮೇಲೆ ಅವಳು ಚೀಲದಿಂದ ನಾಲ್ಕು ಮುತ್ತುಗದ ಎಲೆಯನ್ನೂ ಒಂದು ಹಿಡಿ ಕಡ್ಡಿಯನ್ನೂ ತೆಗೆದು ಮಡಿಲಲ್ಲಿ ಹರಡಿದಳು. ಸಾಬರು ಅವಳ ಮೂಗಿನ ಮೇಲಿದ್ದ ಚೌಕಟ್ಟಿನಲ್ಲಿ ಗಾಜು ಬದಲಾಯಿಸುತ್ತ ಹೋದರು, ಅವಳು ಹೊಲಿಯುತ್ತ ಹೋದಳು. ಎರಡು ಸಲ ಬೆರಳು ಬಾಯಿಗೆ ಹೋಯಿತು. ಮೂರನೆಯ ಗಾಜಿಗೆ ಕಡ್ಡಿ ಎಲೆಯೊಳಗೆ ಇಳಿದು ಸರಿಯಾಗಿ ಮೇಲೆದ್ದಿತು. ಅವಳು ತಲೆಯಾಡಿಸಿದಳು. ಎಲೆ ಹೊಲಿದು ಕೂಡಿಟ್ಟಿದ್ದ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು.

ಕನ್ನಡಕ ಬಂದ ದಿನ ನಾನು ಜಗುಲಿಯ ಮೇಲೆ ಕೂತು, ದಾರಿಯಲ್ಲಿ ಹೋಗುವವರಿಗೆಲ್ಲ ಕಾರ್ಡು ತೋರಿಸಿ ಬೈಯುತ್ತಿದ್ದೆ. ಅವಳು ಹೊಸ ಎಲೆಯೊಂದನ್ನು ಹೊಲಿದು ಮುಗಿಸಿ, ಅದಕ್ಕೆ ಒಂದು ಚೊಂಬು ನೀರು ಹುಯ್ದು, ಎರಡೂ ಕೈಯಲ್ಲಿ ಎತ್ತಿ ನನ್ನ ಬೋಳುತಲೆಯ ಮೇಲೆ ಹಿಡಿದಳು.

"ಬೈಯಿ, ಬೈಯಿ. ಸೋರಿದ್ರೆ ಹೇಳು."

ತುಂಬಾ ಹೊತ್ತು ಬೈದೆ. ತಲೆ ಒಣಗಿಯೇ ಇತ್ತು.