ದಪ್ಪ ಬಟನ್ನಿನ ಹಲಗೆ

ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಹಾರ್ಡ್‌ವೇರ್ ಮಾತು ಬಂದರೆ ಬಾಯಿ ನಿಲ್ಲುವುದಿಲ್ಲ. ಹೋದ ವರ್ಷ ಗೌರಿ ಹಬ್ಬಕ್ಕೆ ಅಕ್ಕನಿಗೆ ಬಾಗಿನ ಕೊಡಲು ಹೊಳೆನರಸೀಪುರಕ್ಕೆ ಹೋದಾಗಲೂ ಅದೇ ಆಯಿತು. ಟಿವಿ ಕೆಳಗೆ ಭಾವ ತಂದಿದ್ದ ಬಿಳಿ ಗೇಮ್ ಕನ್ಸೋಲ್ ಇತ್ತು. ನನ್ನದು ಅದರ ಎದುರಾಳಿ ಕಂಪನಿಯ ಕಪ್ಪು ಕನ್ಸೋಲ್.

ಒಬ್ಬಟ್ಟು ತಿನ್ನುತ್ತಲೇ ಶುರುಮಾಡಿದೆ. ನನ್ನದರ ಮುಂದೆ ಇದರ ಪ್ರೊಸೆಸರ್ ಎಷ್ಟು ನಿಧಾನ, ಗ್ರಾಫಿಕ್ಸ್ ಎಷ್ಟು ಸಪ್ಪೆ, ನಾಲ್ಕು ಗೇಮಿಗೇ ಸ್ಟೋರೇಜ್ ಹೇಗೆ ತುಂಬಿಹೋಗುತ್ತದೆ, ಎಲ್ಲ ಬಿಡಿಸಿ ಹೇಳಿದೆ. ಪಕ್ಕದಲ್ಲಿ ಎರಡು ದಪ್ಪ ಬಟನ್ನಿನ ಅಗಲವಾದ ಹಲಗೆಯೊಂದಿತ್ತು. ಅದನ್ನೂ ಎತ್ತಿ ನೋಡಿ, ಮಕ್ಕಳ ಆಟದ ಸಾಮಾನಿನ ಹಾಗಿದೆ ಎಂದು ನಕ್ಕೆ.

ಭಾವ ಎಡಗೈಯನ್ನು ಟವೆಲ್ ಕೆಳಗೆ ಸರಿಸಿಕೊಂಡರು. "ಓದ್ದೋನು ನೀನು, ನಿಂಗೆ ಗೊತ್ತಿರ್ತದೆ ಬುಡು," ಎಂದರು. ಎರಡು ವರ್ಷದ ಹಿಂದೆ ಮೇವು ಕತ್ತರಿಸುವ ಮೆಷಿನ್ನಿಗೆ ಸಿಕ್ಕಿ ಆ ಕೈಯ ನಾಲ್ಕು ಬೆರಳು ಹೋಗಿದ್ದವು. ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತಿದ್ದವನು ನಾನೇ. ಆದರೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ದೀಪಾವಳಿಗೆ ಹೋದಾಗ ಟಿವಿ ಕೆಳಗೆ ನನ್ನದೇ ಥರದ ಕಪ್ಪು ಕನ್ಸೋಲ್ ಇತ್ತು. ಹಳೆಯದನ್ನು ಕೊಟ್ಟು ಬದಲಾಯಿಸಿಕೊಂಡಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಕಂಟ್ರೋಲರನ್ನು ಭಾವನ ಕೈಗೆ ಕೊಡಹೋದೆ. ಅಕ್ಕನ ಹತ್ತಿರ ಕೊಡು, ನಾನು ನೋಡುತ್ತೇನೆ ಎಂದರು.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ಆ ಹಲಗೆ ಒಂದೇ ಕೈಯಲ್ಲಿ ಆಡುವವರ ಕಂಟ್ರೋಲರ್, ಬಿಳಿ ಕನ್ಸೋಲಿಗೆ ಮಾತ್ರ ಹೊಂದುತ್ತಿತ್ತು, ಈಗ ಅಟ್ಟದ ಮೇಲಿದೆ ಎಂದಳು. ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಬಾಗಿನ ತಂದೋನ ಮಾತ್ನ ತಳ್ಳಾಕಬಾರ್ದು ಅಂದ್ರು ಕಣೋ."

ನಾಚಿಕೆಯಿಂದ ಕುಗ್ಗಿಹೋದೆ. ಭಾವ ಬಿಳಿ ಕನ್ಸೋಲನ್ನು ಕೊಟ್ಟು ಬದಲಾಯಿಸಿಕೊಂಡಿದ್ದ ಅಂಗಡಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅದು ಯಾರಿಗೋ ಹೋಗಿಯಾಗಿತ್ತು. ಬೇರೆಯದು ತಂದುಕೊಡುತ್ತೇನೆ, ತಪ್ಪಾಯಿತು ಎಂದರೆ ಭಾವ ನನ್ನನ್ನೇ ಸಮಾಧಾನ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡರು. ಅಕ್ಕ ಫುಟ್ಬಾಲ್ ಆಡತೊಡಗಿದಳು. ಚಿತ್ರ ನಾನು ಹೇಳಿದಷ್ಟೇ ಸ್ಪಷ್ಟವಾಗಿತ್ತು. ಚೆಂಡು ಗೋಲಿನ ಹತ್ತಿರ ಬಂದಾಗಲೆಲ್ಲ ಭಾವನ ಬಲಗೈ ಅವರದೇ ತೊಡೆಯನ್ನು ಗಟ್ಟಿಯಾಗಿ ಒತ್ತುತ್ತಿತ್ತು.