ಟೈ ಇಲ್ಲದ ಶಾಲೆ

೧೯೯೪ರಲ್ಲಿ, ಏಳನೇ ತರಗತಿ ಮುಗಿಯುವ ಮೊದಲೇ, ನಾನು ಓದು ಬಿಟ್ಟೆ. ಮಧುಗಿರಿಯ ಒಂದು ಮೋಟರ್ ಅಂಗಡಿಯಲ್ಲಿ ಸುಟ್ಟ ತಂತಿ ಕೀಳುವ ಕೆಲಸಕ್ಕೆ ಸೇರಿ, ಹತ್ತು ವರ್ಷ ಕಳೆದ ಮೇಲೆ ಬಡವನಹಳ್ಳಿಯಲ್ಲಿ ನನ್ನದೇ ವೈಂಡಿಂಗ್ ಅಂಗಡಿ ತೆರೆದೆ. ಸುಟ್ಟುಹೋದ ಬೋರ್‌ವೆಲ್ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ನನ್ನ ಕೆಲಸ. ಮದಲೂರಿನಿಂದಲೂ ನಿಡುಗಲ್ ಕಡೆಯಿಂದಲೂ ಜನ ಮೋಟರು ಹೊತ್ತು ತರುತ್ತಾರೆ. ನಾನು ಸುತ್ತಿದ್ದು ವಾಪಸ್ ಬಂದದ್ದು ಕಡಿಮೆ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ.

ನಮಗಿರುವವಳು ಒಬ್ಬಳೇ ಮಗಳು. ನಾಲ್ಕು ವರ್ಷವಾದಾಗ ತುಮಕೂರಿನ ಡಾಕ್ಟರು ಆಟಿಸಂ ಎಂದರು. ಆಗ ಅವಳಿಗಿದ್ದದ್ದು ನಾಲ್ಕೈದು ಮಾತು. ಗದ್ದಲವಾದರೆ ಕಿವಿ ಮುಚ್ಚಿ ಮೂಲೆ ಸೇರುತ್ತಿದ್ದಳು. ಆರು ವರ್ಷಕ್ಕೆ ಊರಿನ ಸರ್ಕಾರಿ ಶಾಲೆಗೆ ಸೇರಿಸಿದೆವು. ಅಲ್ಲಿಯ ಮೇಡಂ ಒಳ್ಳೆಯವರೇ, ಆದರೆ ಅವರು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಇವಳು ಗೇಟು ದಾಟಿ ರಸ್ತೆಗೆ ಬರುತ್ತಿದ್ದಳು. ಎರಡನೇ ಸಲ ಲಾರಿಯವನು ಬ್ರೇಕ್ ಹಾಕಿದ ಮೇಲೆ, ಇಂಥ ಮಕ್ಕಳಿಗಾಗಿಯೇ ಇರುವ ಖಾಸಗಿ ಶಾಲೆ ಹುಡುಕಲೇಬೇಕಾಯಿತು. ವಿಚಾರಿಸಿದಾಗ ಎರಡು ಸಿಕ್ಕವು. ಒಂದು ಸಿರಾದಲ್ಲಿ, ಇನ್ನೊಂದು ಕೊರಟಗೆರೆಯಲ್ಲಿ.

ಮೊದಲು ಸಿರಾಕ್ಕೆ ಹೋದೆವು. ಮೂರಂತಸ್ತಿನ ಕಟ್ಟಡ, ಬಣ್ಣ ಬಣ್ಣದ ಗೋಡೆ. ಶಾಲೆಯ ಬಸ್ಸು ನಮ್ಮ ಅಂಗಡಿ ಮುಂದೆಯೇ ಬಂದು ನಿಲ್ಲುತ್ತದೆ ಎಂದರು. ಮಕ್ಕಳಿಗೆಲ್ಲ ಶೂ, ಸಾಕ್ಸು, ನೀಲಿ ಟೈ. ನನಗೆ ಎದೆ ತುಂಬಿತು.

"ನಿನ್ನ ಹೆಸರೇನು ಪುಟ್ಟಿ?" ಎಂದು ಆಫೀಸಿನವರು ಮಗಳನ್ನು ಕೇಳಿದರು. ಹೆಸರು ನಾನು ಹೇಳಿದೆ. ಏನು ಇಷ್ಟ ಎಂದರು, ಅದನ್ನೂ ನಾನೇ ಹೇಳಿದೆ. ಅಷ್ಟರಲ್ಲಿ ಮೈಕಿನಲ್ಲಿ ಪ್ರಾರ್ಥನೆ ಶುರುವಾಗಿ ಮಗಳು ಕುರ್ಚಿಯಡಿ ನುಗ್ಗಿದಳು. "ಹೊಸ ಜಾಗ ಅಲ್ವಾ ಸರ್, ಸರಿ ಹೋಗ್ತಾಳೆ" ಎಂದು ಅರ್ಜಿ ತುಂಬಿ, ಟೈ ಕೊಂಡು ಬಂದೆ.

ಶಾಲೆ ಶುರುವಾಗಲು ಇನ್ನೂ ಹದಿನೈದು ದಿನವಿತ್ತು. ಅಭ್ಯಾಸವಾಗಲಿ ಎಂದು ದಿನಾ ಬೆಳಿಗ್ಗೆ ಅವಳಿಗೆ ಟೈ ಕಟ್ಟತೊಡಗಿದೆ. ಅವಳು ಕಿತ್ತೆಸೆಯುವುದು, ನಾನು ಮತ್ತೆ ಕಟ್ಟುವುದು. ಐದನೇ ದಿನ ನನ್ನ ಕೈಯನ್ನು ರಕ್ತ ಬರುವಂತೆ ಕಚ್ಚಿದಳು. ಆಮೇಲೆ ನನ್ನನ್ನು ಕಂಡರೆ ಮಂಚದ ಕೆಳಗೆ ಸೇರಿಕೊಳ್ಳತೊಡಗಿದಳು.

ಅವಳು ಕಚ್ಚಿದ ದಿನವೇ ನಿಡುಗಲ್ಲಿನ ಒಬ್ಬ ರೈತ ಮೋಟರು ಇಳಿಸುತ್ತ ನಕ್ಕ. "ಏಮಯ್ಯಾ ಮೇಸ್ತ್ರಿ, ಕೈಗೇನು ಬಟ್ಟೆ ಸುತ್ಕಂಡಿದೀಯ? ಕರೆಂಟ್ ಹೊಡೀತಾ, ಇಲ್ಲ ಹೆಂಡ್ತಿ ಹೊಡೆದ್ಲಾ?"

"ತಂತಿ ತಗಲ್ತು ಕಣಯ್ಯಾ" ಎಂದೆ.

ಅಂಗಡಿಯ ಹಿಂದೆಯೇ ನಮ್ಮ ಮನೆ. ಒಳಗಿನಿಂದ ಹೆಂಡತಿ ಕೂಗಿದಳು. "ಯಾಕೆ ಸುಳ್ಳು ಹೇಳ್ತೀರಾ? ಮಗಳು ಕಚ್ಚಿದ್ಲು ಅನ್ನಿ. ಕತ್ತಿಗೆ ಹಗ್ಗ ಬಿಗ್ದಂಗೆ ಬಿಗೀತಿದ್ರೆ ಇನ್ನೇನ್ ಮಾಡ್ತಾಳೆ? ನಾನಾಗಿದ್ರೆ ಎರಡೂ ಕೈ ಕಚ್ಬುಡ್ತಿದ್ದೆ!"

ರೈತ ಜೋರಾಗಿ ನಕ್ಕ. ನಾನು ನಗಲಿಲ್ಲ. ಆದರೆ ಮಾರನೇ ದಿನ ಹೆಂಡತಿ "ಇನ್ನೊಂದು ಸ್ಕೂಲ್ನೂ ನೋಡ್ಬುಡಾಣ, ಒಂದು ದಿನ ತಾನೆ" ಎಂದಾಗ ಅಂಗಡಿಗೆ ಬೀಗ ಹಾಕಿ ಹೊರಟೆ.

ಕೊರಟಗೆರೆಯದು ಬಾಡಿಗೆ ಮನೆ. ಚಾಪೆ ಹಾಸಿದ ಎರಡು ಕೋಣೆ, ಒಂಬತ್ತು ಮಕ್ಕಳು, ಇಬ್ಬರು ಮೇಡಂಗಳು. ಬಸ್ಸಿಲ್ಲ, ಬೆಂಚಿಲ್ಲ, ಯೂನಿಫಾರಂ ಇಲ್ಲ. ಮಗಳು ಒಳಗೆ ಹೋದವಳೇ ಒಂದು ತಟ್ಟೆ ಹುಣಸೆ ಬೀಜದ ಮುಂದೆ ಕೂತು ಸಾಲಾಗಿ ಜೋಡಿಸತೊಡಗಿದಳು. ಹಿರಿಯ ಮೇಡಂ ಅವಳ ಪಕ್ಕ ಕೂತರೇ ಹೊರತು ಒಂದು ಸಲವೂ ಮಾತಾಡಿಸಲಿಲ್ಲ. ಅರ್ಧ ಗಂಟೆ ಹಾಗೆಯೇ ಕಳೆಯಿತು.

"ಸುಮ್ನೆ ಕೂರ್ಸಕೆ ಸ್ಕೂಲ್ ಯಾಕ್ ಬೇಕು? ನಮ್ಮ ಜಗುಲೀನೇ ಸಾಕಾಗಿತ್ತು" ಎಂದು ಹೆಂಡತಿಯ ಕಿವಿಯಲ್ಲಿ ಗೊಣಗಿದೆ. ಮೇಡಂಗೆ ಕೇಳಿಸಿತು.

"ತಾವು ಏನ್ ಕೆಲಸ ಮಾಡ್ತೀರಿ?" ಎಂದು ಮೆಲ್ಲಗೆ ಕೇಳಿದರು.

ಹೇಳಿದೆ. ಕೆಲಸದ ಮಾತು ಬಂದರೆ ನನಗೆ ತಡೆಯಿಲ್ಲ. ಒಂದೊಂದು ಮೋಟರಿಗೂ ಇಷ್ಟೇ ಸುತ್ತು ಎಂದಿರುತ್ತದೆ, ಹೆಚ್ಚು ಕಡಿಮೆಯಾದರೆ ಬಿಸಿಯಾಗಿ ಸುಡುತ್ತದೆ, ಹಾಗಾಗಿ ಬಾಯಲ್ಲಿ ಎಣಿಸುತ್ತಲೇ ಸುತ್ತಬೇಕು ಎಂದೆಲ್ಲ ವಿವರಿಸಿದೆ.

"ಎಣಿಸೋವಾಗ ಯಾರಾದ್ರೂ ಮಾತಾಡಿಸಿದ್ರೆ?"

"ಲೆಕ್ಕ ತಪ್ಪುತ್ತೆ ಮೇಡಂ. ಎಲ್ಲಾ ಬಿಚ್ಚಿ ಮೊದ್ಲಿಂದ ಸುತ್ಬೇಕು."

"ಮಾತಾಡಿಸ್ದೋರ್ನ ಏನ್ ಮಾಡ್ತೀರಿ?"

"ಸ್ಪಾನರ್ ತಗಂಡು ಎಸೀತಾರೆ ಮೇಡಂ" ಎಂದಳು ಹೆಂಡತಿ. "ಒಂದ್ಸಲ ನಮ್ಮಣ್ಣಂಗೇ ಎಸೆದಿದ್ರು. ಪಾಪ, ಅವ್ನು ಊಟಕ್ಕೆ ಕರೆಯಕ್ ಬಂದಿದ್ದ."

ಮೇಡಂ ನಕ್ಕರು. ಆಮೇಲೆ ಮಗಳ ಕಡೆ ನೋಡಿ, "ಇವಳದ್ದೂ ಇನ್ನೊಂದು ಸಾಲಿದೆ, ಮುಗೀಲಿ" ಎಂದರು.

ಮನೆಯಲ್ಲಿ ಅವಳು ಹೀಗೆ ಜೋಡಿಸುತ್ತಿದ್ದುದನ್ನು ಕೆದಕಿ, "ಮಾತಾಡು, ಹೆಸರು ಹೇಳು" ಎಂದು ಎಷ್ಟು ಸಲ ಎಬ್ಬಿಸಿದ್ದೆನೋ ಎಲ್ಲ ಒಟ್ಟಿಗೆ ನೆನಪಾಯಿತು. ಕೊನೆಯ ಬೀಜ ಇಟ್ಟ ಮೇಲೆ ಮಗಳು ತಲೆಯೆತ್ತಿದಳು. ಮೇಡಂ ಅಂಗೈ ಚಾಚಿದರು. ಅವಳು ಯೋಚನೆ ಮಾಡಿ, ಸಾಲಿನ ತುದಿಯಿಂದ ಒಂದು ಬೀಜ ತೆಗೆದು ಅಲ್ಲಿಟ್ಟಳು. ತಾನಾಗಿ ಯಾರಿಗೂ ಏನನ್ನೂ ಕೊಟ್ಟವಳಲ್ಲ ಅವಳು.

ಅಲ್ಲೇ ಸೇರಿಸಿದೆವು. ಸಿರಾಕ್ಕೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಆ ಶಾಲೆಯನ್ನು ದೂರುವುದಿಲ್ಲ, ಅಲ್ಲಿ ಚೆನ್ನಾಗಿ ಕಲಿಯುತ್ತಿರುವ ಮಕ್ಕಳಿದ್ದಾರೆ. ನನ್ನ ಮಗಳಿಗೆ ಅದು ಸರಿಬರಲಿಲ್ಲ, ಅದು ಸರಿಬಂದದ್ದು ನನಗೆ.

ಹೆಂಡತಿ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೊರಟು, ಮಧುಗಿರಿಯಲ್ಲಿ ಬಸ್ಸು ಬದಲಿಸಿ ಕೊರಟಗೆರೆ ಸೇರುತ್ತಾಳೆ. ಶಾಲೆ ಬಿಡುವ ತನಕ ಅಲ್ಲೇ ಇದ್ದು, ಸಂಜೆ ಕರೆತರುತ್ತಾಳೆ. ಹಾಗಾಗಿ ಸಂಜೆಯ ಮುದ್ದೆ ನಾನೇ ತೊಳಸುತ್ತೇನೆ. "ಮೇಸ್ತ್ರಿ ಮುದ್ದೇನೂ ವೈಂಡಿಂಗ್ ಮಾಡ್ತಾನೆ ಕಣ್ರಲಾ" ಎಂದು ಅಂಗಡಿಗೆ ಬಂದವರು ಆಡಿಕೊಳ್ಳುತ್ತಾರೆ. ಗಂಟಿಲ್ಲದ ಮುದ್ದೆ ಮಾಡಲು ನನಗೆ ಒಂದು ತಿಂಗಳು ಹಿಡಿಯಿತು. ಮಗಳು ಆ ತಿಂಗಳಲ್ಲೇ ತಾನಾಗಿ ನೀರು ಕೇಳುವುದನ್ನು ಕಲಿತಳು.

ಈಗ ನನಗಿರುವುದು ಒಂದು ಅಂಗಡಿ, ತಂತಿ ಸುತ್ತುವ ಎರಡು ಯಂತ್ರ, ಒಂದು ಹಳೆಯ ಮೊಪೆಡ್, ಒಬ್ಬಳು ಹೆಂಡತಿ, ವಾರಕ್ಕೆ ಐದು ದಿನ ಶಾಲೆಗೆ ಹೋಗುವ ಎಂಟು ವರ್ಷದ ಒಬ್ಬಳು ಮಗಳು. ಅವಳಿಗೆ ಇಲ್ಲಿಯವರೆಗೆ ಹದಿನೇಳು ಮಾತು ಬಂದಿವೆ.